ಎಲೆಗಳ ಬೇಟೆ

ಶರತ್ಕಾಲದಲ್ಲಿ ಬಣ್ಣವೇರಿದ ಎಲೆಗಳನ್ನು ನೋಡಲು ಬೆಟ್ಟಗುಡ್ಡಗಳಿಗೆ ಹೋಗಿಬರುವುದನ್ನು ಜಪಾನೀಯರು ‘ಮೊಮಿಜಿಗಾರಿ’ ಎನ್ನುತ್ತಾರೆ. ಇದರಲ್ಲಿ ‘ಮೊಮಿಜಿ’ ಎಂದರೆ ಬಣ್ಣ ತಿರುಗಿದ ಎಲೆ, ‘ಗಾರಿ’ ಎಂದರೆ ಬೇಟೆ. ಮೃಗಪಕ್ಷಿಗಳನ್ನು ಅಟ್ಟಿ ಹಿಡಿಯುವುದಕ್ಕೆ ಸಲ್ಲುತ್ತಿದ್ದ ಬೇಟೆಯ ಮಾತು ಅಣಬೆ, ಹಣ್ಣುಗಳನ್ನು ಕಿತ್ತು ತರುವುದಕ್ಕೂ, ಏನನ್ನೂ ತರದೆ ಕಣ್ತುಂಬ ನೋಡಿ ಮರಳುವುದಕ್ಕೂ ಹಬ್ಬಿತು. ಕನ್ನಡ ಪತ್ರಿಕೆಗಳಲ್ಲಿಯೂ ಪದಕದ ಬೇಟೆ, ಮತಬೇಟೆಗಳುಂಟಾದರೂ ಅಲ್ಲೆಲ್ಲ ಕೈಗೆ ಏನಾದರೊಂದು ದಕ್ಕಲೇಬೇಕು. ಬರಿಗೈಯಲ್ಲಿ ಮರಳುವುದನ್ನೂ ಸಾರ್ಥಕ ಬೇಟೆಯೆಂದು ಬಗೆದದ್ದು ಜಪಾನಿ ಪದದ ಹಿರಿಮೆ.

‘ಮೊಮಿಜಿ’ಯ ಮೂಲದಲ್ಲಿರುವುದು ಎಲೆ ಬಣ್ಣ ತಿರುಗುವುದನ್ನು ಹೇಳುವ ಹಳೆಯ ಕ್ರಿಯಾಪದ. 8ನೆಯ ಶತಮಾನದ ಕಾವ್ಯಸಂಕಲನವಾದ ‘ಮನ್‌ಯೋಶು’ವಿನಲ್ಲಿ ಅದನ್ನು ಹೆಚ್ಚಾಗಿ ‘ಹಳದಿ ಎಲೆ’ ಎಂಬರ್ಥದ ಚೀನೀ ಲಿಪಿಚಿಹ್ನೆಗಳಲ್ಲಿ ಬರೆದಿದ್ದರೆ, ಮುಂದಿನವರು ‘ಕೆಂಪು ಎಲೆ’ ಎಂಬರ್ಥದವನ್ನು ಆರಿಸಿಕೊಂಡರು. ಕೆಂಪಿನಲ್ಲಿ ಮೇಪಲ್ ಮರಕ್ಕೆ ಸಾಟಿಯಿಲ್ಲದ್ದರಿಂದ ಆ ಮರಕ್ಕೂ ಅದೇ ಹೆಸರು ನಿಂತಿತು. ಹಳದಿಗೂ ಕೆಂಪಿಗೂ ಹುಟ್ಟಿನಲ್ಲಿಯೇ ವ್ಯತ್ಯಾಸವಿದೆ. ಎಲೆಗೆ ಹಸಿರು ನೀಡುವ ಪತ್ರಹರಿತ್ತು ಚಳಿಗಾಲ ಸಮೀಪಿಸಿದಂತೆ ಕ್ಷಯಿಸಿದಾಗ, ಒಳಗೆ ಮೊದಲೇ ಇದ್ದ ಕೆರೋಟಿನಾಯ್ಡ್ ಎಂಬ ಹಳದಿ ವರ್ಣದ್ರವ್ಯ ಹೊರತೋರುತ್ತದೆ. ಕೆಂಪಿಗೆ ಕಾರಣವಾದ ಆಂಥೋಸಯನಿನ್ ಮಾತ್ರ ಎಲೆಯಲ್ಲಿ ಉಳಿದ ಸಕ್ಕರೆಯ ನೆರವಿನಿಂದ ಆಗ ಹೊಸದಾಗಿ ತಯಾರಾಗುವುದರಿಂದ, ಬಿಸಿಲಿನ ಹಗಲು ಮತ್ತು ತಣ್ಣನೆಯ ಇರುಳು ಕೂಡಿಬಂದ ವರ್ಷದಲ್ಲಿ ಬೆಟ್ಟಗಳು ಹೆಚ್ಚು ಕೆಂಪಾಗುತ್ತವೆ.

ಚೆರಿ ಹೂಗಳನ್ನು ನೋಡುವುದಕ್ಕೆ ಇಂದು ರೂಢಿಯಲ್ಲಿರುವ ‘ಹನಾಮಿ’ ಎಂಬ ಪದಕ್ಕೆ ಹೂ ನೋಡುವುದೆಂದಷ್ಟೇ ಅರ್ಥ. ಚೆರಿ ಊರೊಳಗೇ ಅರಳುವುದರಿಂದ ಅದರಡಿ ಚಾಪೆ ಹಾಸಿ ಕುಳಿತರೂ ಸಾಕು. ಎಲೆಗಳ ಬಣ್ಣವಾದರೋ ಎತ್ತರದ ಕಾಡಿನಲ್ಲಿ ಮೊದಲಾಗುವುದರಿಂದ ಅದನ್ನು ಅರಸಿಕೊಂಡು ಹೋಗಬೇಕು. ಬೇಟೆಯೆಂಬ ಮಾತು ಇಲ್ಲಿ ಉಳಿದದ್ದು ಉಚಿತವೇ ಆಗಿದೆ.

ಈ ಪದದ ಎರಡೂ ಅರ್ಥಗಳು ಮುಖಾಮುಖಿಯಾಗುವುದು ಕಾನ್ಜೆ ನೊಬುಮಿತ್ಸು ರಚಿಸಿದ ‘ಮೊಮಿಜಿಗಾರಿ’ಯಲ್ಲಿ. ಹಾಡು, ಕುಣಿತ, ಮುಖವಾಡಗಳಿಂದ ಕೂಡಿದ ‘ನೋ’ ಪ್ರಕಾರದ ಈ ನಾಟಕದಲ್ಲಿ, ಜಿಂಕೆಯ ಬೇಟೆಗೆ ಬಂದ ವೀರ ಕೊರೆಮೊಚಿಯು ಎಲೆಗಳ ಬೇಟೆಗೆ ಬಂದಂತೆ ತೋರುವ ಸ್ತ್ರೀಯರ ಔತಣಕ್ಕೆ ಮರುಳಾಗಿ ನಿದ್ರೆಹೋಗುತ್ತಾನೆ. ಅಲ್ಲಿನ ಒಡತಿ ನಿಜದಲ್ಲಿ ರಾಕ್ಷಸಿ. ಕಬುಕಿ ರಂಗಕ್ಕೂ ಬಂದ ಈ ಕಥೆಯನ್ನು 1899ರಲ್ಲಿ ಚಿತ್ರೀಕರಿಸಲಾಯಿತು; 2009ರಲ್ಲಿ ಜಪಾನಿನ ಮಹತ್ವದ ಸಾಂಸ್ಕೃತಿಕ ಆಸ್ತಿಯೆಂಬ ಮನ್ನಣೆ ಪಡೆದ ಮೊದಲ ಚಲನಚಿತ್ರವೂ ಅದೇ.

ಇಂದಿನ ಬೇಟೆ ಬಹುಮಟ್ಟಿಗೆ ಒಂದೆರಡು ದಿನಗಳ ಪ್ರವಾಸ. ಟೋಕಿಯೊದಿಂದ ಬೆಳಗ್ಗೆ ಹೊರಟು ಸಂಜೆ ಮರಳಬಹುದಾದ ನಿಕ್ಕೊದಲ್ಲಿ, ಹಳೆಯ ಜಪಾನಿ ವರ್ಣಮಾಲೆಯ 48 ಅಕ್ಷರಗಳ ಲೆಕ್ಕದಲ್ಲಿ 48 ತಿರುವುಗಳಿರುವ ಇರೊಹಾಜಾಕಾ ಎಂಬ ಘಾಟಿ ರಸ್ತೆ ಚೂಜೆನ್‌ಜಿ ಸರೋವರಕ್ಕೆ ಏರುತ್ತದೆ. ಸರೋವರದ ಸುತ್ತಲಿನ ಬಣ್ಣ ಅಕ್ಟೋಬರಿನದು. ನವೆಂಬರಿನಲ್ಲಿ ಹೋಗುವವರು ಅದನ್ನು ಕೆಳಗಿನ ಊರಿನ ದೇವಾಲಯಗಳ ಆಸುಪಾಸಿನಲ್ಲಿ ಹುಡುಕಬೇಕು.