ಇಬ್ನ್ ಬತೂತ ಕಂಡ ಹೊನ್ನಾವರ, ಕಾಣದ ಗದ್ದೆ

ಹೆಣ್ಣುಮಕ್ಕಳ ವಿದ್ಯೆಯ ಮಾತು ಬಂದಾಗಲೆಲ್ಲ ನಾವು ಮಿಂಬರ್ ಮೇಲೆ ಹೊನ್ನಾವರವನ್ನು ನೆನೆಯುವುದುಂಟು. 1340ರ ದಶಕದಲ್ಲಿ ಅಲ್ಲಿಗೆ ಬಂದ ಮೊರೊಕ್ಕೊದ ಇಬ್ನ್ ಬತೂತ, ಹುಡುಗಿಯರಿಗೆ 13, ಹುಡುಗರಿಗೆ 23 ಮದ್ರಸಗಳನ್ನು ಕಂಡುದಾಗಿ ಹೇಳಿದ್ದಾರೆ. ಅಲ್ಲಿನ ಸ್ತ್ರೀಯರಿಗೆ ಕುರ್‌ಆನ್ ಕಂಠಪಾಠವಿತ್ತಂತೆ. ಇಂಥದ್ದನ್ನು ಬೇರೆಲ್ಲೂ ನೋಡಿಲ್ಲ ಎಂದೂ ಸೇರಿಸಿದ್ದಾರೆ. ಒಂದು ಜುಮಾದಂದು ನಾವು ಉತ್ಸಾಹದಲ್ಲಿ, ‘ಆಗ ಕರಾವಳಿಯ ಹಳ್ಳಿಹಳ್ಳಿಯಲ್ಲೂ ಹೀಗಿತ್ತು’ ಎಂದುಬಿಟ್ಟೆವು. ಮೈಕಿನಲ್ಲಿ ಕೇಳಿಸಿಕೊಂಡ ಮದ್ರಸದ ಹುಡುಗಿಯೊಬ್ಬಳು ಮರುದಿನ ಕೇಳಿದಳು: ‘ಉಸ್ತಾದ್, ಹಳ್ಳಿ ಅಂತ ಅವರು ಹೇಳಿದ್ದಾರೆಯೇ?’

ಹೇಳಿಲ್ಲ. ಅವರು ಹೇಳಿದ್ದು ಒಂದು ಬಂದರು ಪಟ್ಟಣದ ಮಾತು. ಆ ಜನರಿಗೆ ಹೊಲಗದ್ದೆಯಿಲ್ಲ, ಕಡಲ ವ್ಯಾಪಾರವೇ ಜೀವನ ಎಂದು ಅವರೇ ಬರೆಸಿದ್ದಾರೆ. ಆದರೆ ಊಟಕ್ಕೆ ಅನ್ನವೇ. ಹನ್ನೊಂದು ತಿಂಗಳು ರೊಟ್ಟಿಯ ಮುಖ ಕಾಣಲಿಲ್ಲವೆಂಬ ಗೊಣಗಾಟವೂ ಇದೆ. ಹಾಗಾದರೆ ಆ ಅಕ್ಕಿ ಬೇರೆಲ್ಲಿಂದಲೋ ಬರಬೇಕು. ಅದನ್ನು ಬೆಳೆದವರು ಅವರ ಕಣ್ಣಿಗೆ ಬೀಳಲಿಲ್ಲ. ಸುಲ್ತಾನ ಜಮಾಲುದ್ದೀನರ ಅತಿಥಿಗೆ ತಟ್ಟೆ ಕಂಡಿತು, ಗದ್ದೆ ಕಾಣಲಿಲ್ಲ.

ಹದೀಸ್ ಓದಿದವರಿಗೆ ಈ ಪ್ರಶ್ನೆಗಳು ಹೊಸತಲ್ಲ: ಹೇಳಿದವರು ಯಾರು, ಸ್ವತಃ ಕಂಡರೇ, ಯಾವಾಗ ಹೇಳಿದರು? ಇಬ್ನ್ ಬತೂತ ತಮ್ಮ ಪ್ರವಾಸವನ್ನು ಊರಿಗೆ ಮರಳಿದ ಮೇಲೆ ಇಬ್ನ್ ಜುಝಯ್ಯ್ ಎಂಬವರಿಗೆ ಹೇಳಿ ಬರೆಸಿದರು; ಅದು ಮುಗಿದದ್ದು 1355ರ ಹೊತ್ತಿಗೆ. ಈ ಕರಾವಳಿಯಲ್ಲೇ ಕಡಲ್ಗಳ್ಳರು ಅವರನ್ನು ದೋಚಿದ್ದರು. ಹೆಚ್ಚಿನದು ನೆನಪಿನ ಮಾತು.

ಆದರೆ ನಡೆದುಹೋದ ದಾರಿಯನ್ನು ಅವರು ಚೆನ್ನಾಗಿ ಕಂಡಿದ್ದಾರೆ. ಮಲಬಾರಿನಲ್ಲಿ ಅರ್ಧ ಮೈಲಿಗೊಂದು ಮರದ ತಂಗುಮನೆ, ಬಾವಿ, ನೀರು ಕೊಡಲು ಒಬ್ಬ ಆಳು. ಹಿಂದೂಗಳಿಗೆ ಪಾತ್ರೆಯಲ್ಲಿ, ಮುಸಲ್ಮಾನರಿಗೆ ಬೊಗಸೆಗೆ. ಊಟ ಬಾಳೆ ಎಲೆಯಲ್ಲಿ. ಪ್ರತಿ ಮನೆಗೂ ತೋಟ, ಸುತ್ತ ಬೇಲಿ. ತಮ್ಮವರಿಗೆ ಹಿರಿಮೆ ತಾರದ ಬೊಗಸೆಯ ಸಂಗತಿಯನ್ನೂ ಮುಚ್ಚಿಡದ ಕಾರಣ ನಮಗೆ ಈ ಪುಟಗಳ ಮೇಲೆ ನಂಬಿಕೆ ಹೆಚ್ಚು.

ಗದ್ದೆಯನ್ನು ನೋಡಬೇಕೆಂದರೆ ಬುಕಾನನ್ ಬಳಿಗೆ ಹೋಗಬೇಕು. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಕಂಪನಿಯ ಆದೇಶದಂತೆ ಹೊರಟು ಮೈಸೂರು, ಕೆನರಾ, ಮಲಬಾರುಗಳಲ್ಲಿ ನೇಗಿಲು, ಬೀಜ, ಗೇಣಿ ಎಲ್ಲವನ್ನೂ ಬರೆದುಕೊಂಡರು. ದುಭಾಷಿಯ ಮೂಲಕ ಕೇಳಿದ್ದು, ಅದೂ ಹೊಸ ಸರ್ಕಾರದವರ ಪರವಾಗಿ. ಬೆಳೆ ಎಷ್ಟೆಂದು ಅಧಿಕಾರಿ ಕೇಳಿದರೆ ರೈತ ಇದ್ದದ್ದೆಲ್ಲ ಹೇಳುತ್ತಾನೆಯೇ? ನಮ್ಮ ಅಜ್ಜನಂತೂ ಹೇಳುತ್ತಿರಲಿಲ್ಲ.

ಮುಂದಿನ ಜುಮಾದಂದು ನಾವು ‘ಹಳ್ಳಿಹಳ್ಳಿ’ ಎಂಬುದನ್ನು ಹಿಂದಕ್ಕೆ ಪಡೆದು ‘ಹೊನ್ನಾವರ ಪಟ್ಟಣದಲ್ಲಿ’ ಎಂದು ತಿದ್ದಿಕೊಂಡೆವು. 13 ಹಾಗೆಯೇ ಉಳಿಯಿತು.