ನಾಲ್ಕು ಹಜ್ಜ್ ಕಾಲದ ಘೋಷಣೆ: ಮೃತರ ಸಾಲ ಮತ್ತು ಸಹಾಬಿಗಳ ಮಾದರಿ

ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 11 ಮತ್ತು 12ನೇ ಸೂಕ್ತಗಳು ವಾರೀಸು ಹಕ್ಕಿನ ನಿಯಮಗಳನ್ನು ವಿವರಿಸುತ್ತವೆ. ಮಗನಿಗೆಷ್ಟು, ಮಗಳಿಗೆಷ್ಟು, ತಾಯಿ-ತಂದೆಯರಿಗೆಷ್ಟು, ಪತಿ-ಪತ್ನಿಯರಿಗೆಷ್ಟು ಎಂಬುದನ್ನು ಅಲ್ಲಾಹನೇ ನಿಗದಿಪಡಿಸಿದ್ದಾನೆ. ಈ ಎರಡು ಸೂಕ್ತಗಳಲ್ಲಿ ಒಂದು ಷರತ್ತು ಮಾತ್ರ ನಾಲ್ಕು ಬಾರಿ ಪುನರಾವರ್ತನೆಯಾಗಿದೆ. ಈ ಪಾಲುಗಳೆಲ್ಲವೂ ಮೃತರ ವಸಿಯ್ಯತ್ ಹಾಗೂ ಸಾಲ ತೀರಿದ ಬಳಿಕವೇ ಎಂಬುದೇ ಆ ಷರತ್ತು. ಸಾಲ ಉಳಿದಿರುವಾಗ ಹಂಚಿಕೊಳ್ಳುವ ಪಾಲು ವಾಸ್ತವದಲ್ಲಿ ನಮ್ಮದಲ್ಲ, ಅದು ಸಾಲ ಕೊಟ್ಟವರದು. ಇಸ್ಲಾಮೀ ಇತಿಹಾಸದ ಮೊದಲ ತಲೆಮಾರು ಈ ಆದೇಶವನ್ನು ಹೇಗೆ ಬದುಕಿ ತೋರಿಸಿತು ಎಂಬುದನ್ನು ಅರಿತರೆ, ನಮ್ಮ ಮನೆಗಳಲ್ಲಿ ಸಾವು ಸಂಭವಿಸಿದಾಗ ಏನು ಮಾಡಬೇಕೆಂಬುದು ಸ್ಪಷ್ಟವಾಗುತ್ತದೆ.

ಮದೀನಾದ ಆರಂಭಿಕ ದಿನಗಳಲ್ಲಿ ಜನಾಝವೊಂದನ್ನು ತಂದಾಗ ಪ್ರವಾದಿ(ಸ)ರವರು ಮೃತರಿಗೆ ಸಾಲವಿದೆಯೇ, ಅದನ್ನು ತೀರಿಸುವಷ್ಟು ಸೊತ್ತು ಬಿಟ್ಟು ಹೋಗಿದ್ದಾರೆಯೇ ಎಂದು ವಿಚಾರಿಸುತ್ತಿದ್ದರು. ಒಮ್ಮೆ ಸಾಲವಿದ್ದು, ತೀರಿಸಲು ಏನೂ ಇಲ್ಲವೆಂದು ತಿಳಿದಾಗ ತಾವು ನಮಾಝ್ ನಿರ್ವಹಿಸದೆ, ನಿಮ್ಮ ಸಂಗಾತಿಗೆ ನೀವೇ ನಮಾಝ್ ನಿರ್ವಹಿಸಿರಿ ಎಂದು ಅನುಚರರಿಗೆ ತಿಳಿಸಿದರು. ಕೆಲವೇ ದೀನಾರ್‌ಗಳ ಸಾಲವದು. ಅಬೂ ಕತಾದಾ(ರ)ರವರು ಆ ಸಾಲದ ಹೊಣೆಯನ್ನು ವಹಿಸಿಕೊಂಡ ಬಳಿಕವೇ ಪ್ರವಾದಿ(ಸ)ರವರು ನಮಾಝ್‌ಗೆ ನಿಂತರು. ಮುಂದೆ ವಿಜಯಗಳ ಮೂಲಕ ಸಂಪತ್ತು ಬಂದಾಗ, ಸಾಲಗಾರನಾಗಿ ತೀರಿಕೊಂಡ ನಿರ್ಗತಿಕನ ಸಾಲ ತಮ್ಮ ಹೊಣೆ, ಅವನು ಬಿಟ್ಟು ಹೋದ ಸೊತ್ತು ಮಾತ್ರ ವಾರೀಸುದಾರರದು ಎಂದು ಅವರು ಘೋಷಿಸಿದರು. ಸಾಲದ ಗಂಭೀರತೆ ಮತ್ತು ಬಡ ಸಾಲಗಾರನ ಮೇಲಿನ ಕರುಣೆ ಎರಡನ್ನೂ ಈ ಘಟನೆಗಳಲ್ಲಿ ಕಾಣಬಹುದು.

ಹುತಾತ್ಮತೆಯೂ ಸಾಲವನ್ನು ಅಳಿಸುವುದಿಲ್ಲ. ಹಿಜರಿ 3ರ (ಕ್ರಿ.ಶ. 625) ಉಹುದ್ ಯುದ್ಧದಲ್ಲಿ ಜಾಬಿರ್ ಬಿನ್ ಅಬ್ದುಲ್ಲಾ(ರ)ರವರ ತಂದೆ ಹುತಾತ್ಮರಾದರು. ಅವರು ಬಿಟ್ಟು ಹೋದದ್ದು ಹೆಣ್ಣುಮಕ್ಕಳನ್ನು ಮತ್ತು ಸಾಲವನ್ನು. ತೋಟದ ಆ ವರ್ಷದ ಖರ್ಜೂರವನ್ನೆಲ್ಲ ತೆಗೆದುಕೊಂಡು ಉಳಿದುದನ್ನು ಬಿಟ್ಟುಕೊಡುವಂತೆ ಪ್ರವಾದಿ(ಸ)ರವರೇ ಸಾಲ ಕೊಟ್ಟವರಲ್ಲಿ ಕೇಳಿಕೊಂಡರು. ಅವರು ಒಪ್ಪಲಿಲ್ಲ. ಒಪ್ಪದವರನ್ನು ಯಾರೂ ಬಲವಂತಪಡಿಸಲಿಲ್ಲ. ಪ್ರವಾದಿ(ಸ)ರವರು ತೋಟಕ್ಕೆ ಬಂದು, ಖರ್ಜೂರದ ಮರಗಳ ನಡುವೆ ನಡೆದು, ಸಮೃದ್ಧಿಗಾಗಿ ಪ್ರಾರ್ಥಿಸಿದರು. ಜಾಬಿರ್(ರ)ರವರು ಖರ್ಜೂರ ಕೊಯ್ದು ಸಾಲವನ್ನು ಪೂರ್ಣವಾಗಿ ತೀರಿಸಿದ ಬಳಿಕವೂ ಮನೆಯವರಿಗೆ ಖರ್ಜೂರ ಉಳಿಯಿತು. ಸಾಲ ಕೊಟ್ಟವರಲ್ಲಿ ಯಹೂದಿಯೊಬ್ಬರಿದ್ದರೆಂದು ಹದೀಸ್ ತಿಳಿಸುತ್ತದೆ. ಹಕ್ಕುದಾರನ ಧರ್ಮ ಯಾವುದೆಂಬುದು ಸಾಲದ ವಿಷಯದಲ್ಲಿ ಪ್ರಶ್ನೆಯೇ ಅಲ್ಲ.

ಹಿಜರಿ 23ರಲ್ಲಿ ಇರಿತಕ್ಕೊಳಗಾಗಿ ಮರಣಶಯ್ಯೆಯಲ್ಲಿದ್ದ ಖಲೀಫಾ ಉಮರ್(ರ)ರವರು ತಮ್ಮ ಸಾಲವನ್ನು ಲೆಕ್ಕ ಹಾಕುವಂತೆ ಮಗ ಅಬ್ದುಲ್ಲಾ(ರ)ರವರಿಗೆ ಹೇಳಿದರು. ಸುಮಾರು 86,000 ಎಂದು ಲೆಕ್ಕ ಸಿಕ್ಕಿತು. ಮೊದಲು ಉಮರ್ ಕುಟುಂಬದ ಸೊತ್ತಿನಿಂದ ತೀರಿಸಬೇಕು, ಸಾಲದಿದ್ದರೆ ತಮ್ಮ ಗೋತ್ರವಾದ ಬನೂ ಅದೀಯವರಲ್ಲಿ ಕೇಳಬೇಕು, ಆಗಲೂ ಸಾಲದಿದ್ದರೆ ಕುರೈಶರಲ್ಲಿ, ಅದರಾಚೆಗೆ ಹೋಗಬಾರದು ಎಂದು ಅವರು ನಿರ್ದೇಶಿಸಿದರು. ವಿಶಾಲ ಸಾಮ್ರಾಜ್ಯದ ಅಧಿಪತಿಯೊಬ್ಬರು ತಮ್ಮ ಸಾಲವನ್ನು ಮುಚ್ಚಿಡದೆ ಮಗನ ಮುಂದೆ ಲೆಕ್ಕ ಬಿಚ್ಚಿಟ್ಟ ಘಟನೆಯಿದು.

ಆದರೆ ಈ ವಿಷಯದಲ್ಲಿ ಅತ್ಯಂತ ವಿಸ್ತಾರವಾಗಿ ದಾಖಲಾಗಿರುವುದು ಝುಬೈರ್ ಬಿನ್ ಅವ್ವಾಮ್(ರ)ರವರ ಸಾಲದ ಚರಿತ್ರೆ. ಇಮಾಮ್ ಬುಖಾರಿಯವರು ತಮ್ಮ ಹದೀಸ್ ಸಂಗ್ರಹದಲ್ಲಿ ಇದನ್ನು ಲೆಕ್ಕಪತ್ರದಂತೆ ವಿವರವಾಗಿ ಉಲ್ಲೇಖಿಸಿದ್ದಾರೆ. ಝುಬೈರ್(ರ)ರವರು ಪ್ರವಾದಿ(ಸ)ರವರ ಸೋದರತ್ತೆ ಸಫಿಯ್ಯಾ(ರ)ರವರ ಪುತ್ರ, ಸ್ವರ್ಗದ ಶುಭವಾರ್ತೆ ಪಡೆದ ಹತ್ತು ಮಂದಿಯಲ್ಲೊಬ್ಬರು. ಹಿಜರಿ 36ರಲ್ಲಿ (ಕ್ರಿ.ಶ. 656) ಬಸ್ರಾದ ಬಳಿ ಜಮಲ್ ಯುದ್ಧದ ದಿನ ಅವರು ಮಗ ಅಬ್ದುಲ್ಲಾ(ರ)ರವರನ್ನು ಕರೆದು, ಇಂದು ತಾವು ಕೊಲ್ಲಲ್ಪಡಬಹುದೆಂದೂ, ತಮ್ಮನ್ನು ಕಾಡುತ್ತಿರುವ ದೊಡ್ಡ ಚಿಂತೆ ಸಾಲವೆಂದೂ ಹೇಳಿದರು. ಆಸ್ತಿ ಮಾರಿ ಸಾಲ ತೀರಿಸು, ಸಾಧ್ಯವಾಗದಿದ್ದರೆ ನನ್ನ ಒಡೆಯನ ಸಹಾಯ ಬೇಡು ಎಂದರು. ಆ ಒಡೆಯ ಯಾರೆಂದು ಮಗನಿಗೆ ತಿಳಿಯಲಿಲ್ಲ. ಕೇಳಿದಾಗ, ಅಲ್ಲಾಹನು ಎಂಬ ಉತ್ತರ ಬಂತು. ಮುಂದೆ ಸಾಲ ತೀರಿಸುವಲ್ಲಿ ಕಷ್ಟ ಎದುರಾದಾಗಲೆಲ್ಲ ಅಬ್ದುಲ್ಲಾ(ರ)ರವರು ಝುಬೈರರ ಒಡೆಯನನ್ನೇ ಮೊರೆಹೋದರು, ದಾರಿ ತೆರೆಯಿತು.

ಇಷ್ಟು ದೊಡ್ಡ ಸಾಲ ಬಂದುದು ದುಂದುವೆಚ್ಚದಿಂದಲ್ಲ. ಜನರು ಹಣವನ್ನು ಅಮಾನತ್ತಾಗಿ ಇಡಲು ಅವರ ಬಳಿಗೆ ಬರುತ್ತಿದ್ದರು. ಅಮಾನತ್ತು ಕಾಪಾಡುವವನ ತಪ್ಪಿಲ್ಲದೆ ಕಳೆದುಹೋದರೆ ಅವನು ಅದನ್ನು ತುಂಬಿಕೊಡಬೇಕಾಗಿಲ್ಲ, ಸಾಲವಾದರೋ ಏನೇ ಆದರೂ ಮರಳಿಸಲೇಬೇಕು. ಜನರ ಹಣ ನಷ್ಟವಾಗಬಾರದೆಂದು ಝುಬೈರ್(ರ)ರವರು ಅದನ್ನು ಸಾಲವಾಗಿಯೇ ಸ್ವೀಕರಿಸುತ್ತಿದ್ದರು. ಹೀಗೆ ಸೇರಿದ ಮೊತ್ತ 22 ಲಕ್ಷ. ಅವರು ಬಿಟ್ಟು ಹೋದುದರಲ್ಲಿ ನಗದು ಇರಲಿಲ್ಲ. ಮದೀನಾದ ಹೊರವಲಯದ ಗಾಬಾ ಎಂಬ ಜಮೀನು, ಮದೀನಾದಲ್ಲಿ 11, ಬಸ್ರಾದಲ್ಲಿ 2, ಕೂಫಾದಲ್ಲಿ ಒಂದು ಹಾಗೂ ಈಜಿಪ್ಟಿನಲ್ಲಿ ಒಂದು ಮನೆ ಇದ್ದವು.

ಹಿರಿಯರಾದ ಹಕೀಮ್ ಬಿನ್ ಹಿಝಾಮ್(ರ)ರವರು ಸಾಲವೆಷ್ಟೆಂದು ಕೇಳಿದಾಗ ಅಬ್ದುಲ್ಲಾ(ರ)ರವರು ಮೊದಲು ಒಂದು ಲಕ್ಷವೆಂದಷ್ಟೇ ಹೇಳಿದರು. ಅದನ್ನೇ ತೀರಿಸುವುದು ಕಷ್ಟವೆಂದು ಹಕೀಮ್(ರ) ಹೇಳಿದಾಗ, 22 ಲಕ್ಷವಾಗಿದ್ದರೆ ಏನನ್ನುವಿರಿ ಎಂದು ಮರುಪ್ರಶ್ನಿಸಿದರು. ಅದು ನಿಮ್ಮ ಶಕ್ತಿಗೆ ಮೀರಿದ್ದು, ಆಗದಿದ್ದರೆ ನನ್ನ ನೆರವು ಕೇಳಿರಿ ಎಂದರು ಆ ಹಿರಿಯರು.

ಅಬ್ದುಲ್ಲಾ(ರ)ರವರು ಸಾಲ ಕೊಟ್ಟವರೆಲ್ಲ ಗಾಬಾಕ್ಕೆ ಬರಬೇಕೆಂದು ಸಾರಿದರು. 4 ಲಕ್ಷ ಕೊಟ್ಟಿದ್ದ ಅಬ್ದುಲ್ಲಾ ಬಿನ್ ಜಅ್‌ಫರ್(ರ)ರವರು ಬಂದು, ನೀವು ಬಯಸಿದರೆ ಮನ್ನಾ ಮಾಡುವೆನೆಂದರು. ಅಬ್ದುಲ್ಲಾ(ರ) ಒಪ್ಪಲಿಲ್ಲ. ಹಾಗಾದರೆ ಕೊನೆಗೆ ಕೊಡಿರೆಂದರು, ಅದಕ್ಕೂ ಒಪ್ಪಲಿಲ್ಲ. ಕೊನೆಗೆ ಅವರ ಹಣಕ್ಕೆ ಬದಲಾಗಿ ಗಾಬಾದಲ್ಲಿ ಗಡಿ ಗುರುತಿಸಿ ಜಮೀನು ಕೊಡಲಾಯಿತು. ತಂದೆಯವರು 1,70,000ಕ್ಕೆ ಖರೀದಿಸಿದ್ದ ಆ ಜಮೀನು, ಪಾಲೊಂದಕ್ಕೆ ಒಂದು ಲಕ್ಷದಂತೆ ಒಟ್ಟು 16 ಲಕ್ಷಕ್ಕೆ ಮಾರಾಟವಾಯಿತು. ಹೀಗೆ ಆಸ್ತಿಯನ್ನು ಮಾರಿ ಸಾಲವನ್ನು ಪೂರ್ಣವಾಗಿ ತೀರಿಸಲಾಯಿತು.

ಆಗ ಝುಬೈರ್(ರ)ರವರ ಇತರ ಮಕ್ಕಳು ತಮ್ಮ ಪಾಲನ್ನು ಕೇಳಿದರು. ಕೇಳುವುದು ಅವರ ಹಕ್ಕೇ ಆಗಿತ್ತು, ಯಾಕೆಂದರೆ ತಿಳಿದಿದ್ದ ಸಾಲವೆಲ್ಲ ತೀರಿತ್ತು. ಆದರೆ ಅಬ್ದುಲ್ಲಾ(ರ)ರವರು, ನಾಲ್ಕು ವರ್ಷಗಳ ಹಜ್ಜ್ ಕಾಲದಲ್ಲಿ ಘೋಷಿಸದೆ ಹಂಚುವುದಿಲ್ಲವೆಂದರು. ತಂದೆಯ ಮನೆಗಳು ಬಸ್ರಾ, ಕೂಫಾ, ಈಜಿಪ್ಟ್‌ಗಳಲ್ಲಿ ಹರಡಿದ್ದವು. ಆ ನಾಡುಗಳ ಜನರೆಲ್ಲ ಒಂದೆಡೆ ಸೇರುವ ಸಂದರ್ಭ ಹಜ್ಜ್ ಮಾತ್ರ. ಝುಬೈರರಿಗೆ ಸಾಲ ಕೊಟ್ಟವರು ಬಂದು ಪಡೆಯಿರಿ ಎಂಬ ಕರೆ ನಾಲ್ಕು ವರ್ಷ ಮೊಳಗಿತು. ಆ ಬಳಿಕವೇ ಪಾಲು ನಡೆಯಿತು. ನಾಲ್ವರು ವಿಧವೆಯರಲ್ಲಿ ಪ್ರತಿಯೊಬ್ಬರಿಗೂ 12 ಲಕ್ಷ ದೊರೆಯಿತು. ಸಾಲ ತೀರಿಸಿದ್ದರಿಂದ ಕುಟುಂಬ ಬಡವಾಗಲಿಲ್ಲ.

ಈ ಮಾದರಿಗಳ ಬೆಳಕಿನಲ್ಲಿ ವಿದ್ವಾಂಸರು ನೀಡಿದ ಕ್ರಮ ಸರಳವಾದುದು. ಮೃತರ ಸೊತ್ತಿನಿಂದ ಮೊದಲು ಕಫನ್-ದಫನ್ ಖರ್ಚು, ಬಳಿಕ ಸಾಲ, ಅನಂತರ ಉಳಿದುದರ ಮೂರನೇ ಒಂದು ಭಾಗದೊಳಗೆ ವಸಿಯ್ಯತ್, ಕೊನೆಗೆ ವಾರೀಸು. ಸೊತ್ತು ಸಾಲದಿದ್ದರೆ ಮಕ್ಕಳು ಸ್ವಂತ ಹಣದಿಂದ ತೀರಿಸಲೇಬೇಕೆಂಬ ಕಾನೂನಿನ ಬಲವಂತವಿಲ್ಲ. ಆದರೆ ತಂದೆ-ತಾಯಿಯ ಹೊರೆ ಇಳಿಸುವುದಕ್ಕಿಂತ ದೊಡ್ಡ ಸೇವೆ ಅವರ ಮರಣಾನಂತರ ಇನ್ನಾವುದಿದೆ?

ನಮ್ಮ ನಾಡಿನ ಅನೇಕ ಮಸೀದಿಗಳಲ್ಲಿ ಜನಾಝ ನಮಾಝ್‌ಗೆ ಮುನ್ನ, ಸಾಲದ ವ್ಯವಹಾರವಿದ್ದರೆ ಮನೆಯವರನ್ನು ಸಂಪರ್ಕಿಸಿರಿ ಎಂದು ಹೇಳಲಾಗುತ್ತದೆ. ಇದು ಆ ನಾಲ್ಕು ಹಜ್ಜ್‌ಗಳ ಘೋಷಣೆಯ ಕಿರುರೂಪ. ಆದರೆ ಮಾತು ಅಲ್ಲಿಗೇ ನಿಲ್ಲಬಾರದು. ಬಂದವನನ್ನು ಪುರಾವೆಯೆಲ್ಲಿ ಎಂದು ಗದರಿಸಿ ಕಳುಹಿಸಿದರೆ ಆ ಘೋಷಣೆಗೆ ಅರ್ಥವಿಲ್ಲ. ಸಾಕ್ಷ್ಯ ಕೇಳುವುದು ತಪ್ಪಲ್ಲ, ಆದರೆ ಗೌರವದಿಂದ ಕೇಳಬೇಕು. ಕೈಸಾಲ, ಅಂಗಡಿಯ ಬಾಕಿ, ಕೂಲಿಯಾಳಿನ ಸಂಬಳ ಎಲ್ಲವೂ ಸಾಲವೇ. ಎಲ್ಲಕ್ಕಿಂತ ಹೆಚ್ಚಾಗಿ ನಾವು ಮರೆಯುವ ಸಾಲ, ಪತ್ನಿಗೆ ಸಲ್ಲದೆ ಉಳಿದ ಮಹರ್. ಮಯ್ಯಿತ್‌ನ ಮುಂದೆ ಅಳುತ್ತಿರುವ ವಿಧವೆಯಿಂದ ಮಹರ್ ಮನ್ನಾ ಮಾಡಿದೆನೆಂದು ಹೇಳಿಸುವ ಪದ್ಧತಿ ಕೆಲವೆಡೆ ಇದೆ. ಸ್ವಇಚ್ಛೆಯಿಂದ ಮುಂದೆ ಬಂದ ಧನಿಕರ ಮನ್ನಾವನ್ನೂ ಸ್ವೀಕರಿಸದ ಮಗನ ಚರಿತ್ರೆ ಓದಿದ ಬಳಿಕ, ದುಃಖದ ಗಳಿಗೆಯಲ್ಲಿ ತಾಯಿಯ ಹಕ್ಕನ್ನು ಬಿಡಿಸುವುದು ಸರಿಯೇ ಎಂದು ನಾವು ಆಲೋಚಿಸಬೇಕು.

ಸಾಲದ ವ್ಯವಹಾರವನ್ನು ಬರೆದಿಡಬೇಕೆಂಬುದು ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತದ ಆದೇಶ. ಬದುಕಿರುವಾಗಲೇ ನಮ್ಮ ಸಾಲದ ಪಟ್ಟಿಯನ್ನು ಬರೆದು ಮನೆಯವರಿಗೆ ತಿಳಿಸೋಣ, ಅಗಲಿದವರ ಸಾಲವನ್ನು ಪಾಲಿಗಿಂತ ಮೊದಲು ತೀರಿಸೋಣ. ಅಲ್ಲಾಹನು ನಮ್ಮನ್ನೂ ನಮ್ಮನ್ನಗಲಿದವರನ್ನೂ ಸಾಲದ ಹೊರೆಯಿಂದ ಮುಕ್ತಗೊಳಿಸಲಿ. ಆಮೀನ್.