ದಾಯಾದಿ

ಭಾರತ–ಪಾಕಿಸ್ತಾನ ಕ್ರಿಕೆಟ್ ಪಂದ್ಯ ಬಂತೆಂದರೆ ಕನ್ನಡ ಪತ್ರಿಕೆಗಳ ತಲೆಬರಹದಲ್ಲಿ ‘ದಾಯಾದಿ’ಗಳು ಹಾಜರು. ಪದದ ಮೂಲದಲ್ಲಿ ಮಾತ್ರ ಜಗಳವೇನೂ ಇಲ್ಲ. ಸಂಸ್ಕೃತದಲ್ಲಿ ‘ದಾಯ’ ಎಂದರೆ ಹಂಚಿಕೆಗೆ ಬರುವ ಪಿತ್ರಾರ್ಜಿತ ಸ್ವತ್ತು, ಅದನ್ನು ಪಡೆಯುವವನು ‘ದಾಯಾದ’. ಕನ್ನಡಿಗರ ಬಾಯಲ್ಲಿ ಅದು ದಾಯಾದಿಯಾಯಿತು; ಮತ್ಸರ, ಕಲಹಗಳು ಆಮೇಲೆ ಬೆನ್ನಿಗೆ ಬಿದ್ದವು.

ಬೀಳದೆ ಏನು? ಹಳೇಬೀಡನ್ನೇ ನೋಡಿ. 1254ರ ಸುಮಾರಿಗೆ ಹೊಯ್ಸಳ ಸೋಮೇಶ್ವರ ರಾಜ್ಯವನ್ನೇ ಪಾಲು ಮಾಡಿದ. ದೋರಸಮುದ್ರ, ಅಂದರೆ ಇಂದಿನ ಹಳೇಬೀಡು, ಮೂರನೆಯ ನರಸಿಂಹನಿಗೆ; ತಮಿಳು ಸೀಮೆಯ ಕಣ್ಣನೂರು ರಾಮನಾಥನಿಗೆ. ಮಲಸಹೋದರರು ಕಾದಾಡಿದರು. ಎರಡು ಪಾಲನ್ನೂ ಮತ್ತೆ ಕೂಡಿಸಿದ್ದು ನರಸಿಂಹನ ಮಗ ಮೂರನೆಯ ಬಲ್ಲಾಳ.

ಪಾಲಿನ ಶಾಸ್ತ್ರ ಬರೆದದ್ದೂ ಕನ್ನಡ ನಾಡಿನಲ್ಲೇ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದ ವಿಜ್ಞಾನೇಶ್ವರ ರಚಿಸಿದ ‘ಮಿತಾಕ್ಷರ’ದ ಪ್ರಕಾರ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಹಾಗಾಗಿ ಯಜಮಾನ ಮನಬಂದಂತೆ ಜಮೀನು ಮಾರುವಂತಿಲ್ಲ, ಕುಟುಂಬದ ಅಗತ್ಯ ತೋರಿಸಬೇಕು. ಬಂಗಾಳದ ‘ದಾಯಭಾಗ’ದಲ್ಲಿ ಅಪ್ಪ ಸತ್ತ ಮೇಲಷ್ಟೇ ಹಕ್ಕು.

ಅರಸೀಕೆರೆ ಕಡೆಯ ತೆಂಗಿನ ತೋಟವೊಂದು ಹಿಸ್ಸೆಯಾಗುವಾಗ ಪಾಲುಪಟ್ಟಿಯಲ್ಲಿ ಚಕ್ಕುಬಂದಿ ಬರೆದುಬಿಡಬಹುದು. ಬಾವಿಯನ್ನು ಕತ್ತರಿಸುವುದು ಹೇಗೆ? ಅದು ಜಂಟಿ, ನೀರಿಗೆ ಸರದಿ. ಮುಂದಿನ ತಕರಾರಿಗೆ ಅಷ್ಟು ಸಾಕು.

ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ, ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ ತಿದ್ದುಪಡಿ 1994ರಲ್ಲಿ ಜಾರಿಗೆ ಬಂತು, ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟು. ಆ ಭೇದ 2005ರ ಕೇಂದ್ರ ತಿದ್ದುಪಡಿಯಲ್ಲಿಲ್ಲ. ಆದರೂ ಅಕ್ಕತಂಗಿಯರನ್ನು ಯಾರೂ ದಾಯಾದಿ ಎನ್ನುವುದಿಲ್ಲ. ಆ ಹೆಸರು ಇನ್ನೂ ಅಣ್ಣತಮ್ಮಂದಿರಿಗೆ, ಚಿಕ್ಕಪ್ಪ–ದೊಡ್ಡಪ್ಪಂದಿರ ಗಂಡುಮಕ್ಕಳಿಗೇ ಮೀಸಲು.